ಬಯಕೆಯನ್ನು ಎರಡಾಗಿ ಸೀಳಲಾಗದು

(ಮನುಷ್ಯರ ಕಾಮಾಸಕ್ತಿಯ ಕುರಿತು ನೀಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನ್ನ ಕೊಠಡಿಗೆ ಬರುವವರು ನಿಜವಾದ ಮಾತಿಗೆ ಬರಲು ಬಹಳ ಹೊತ್ತು ಹಿಡಿಯುತ್ತದೆ. ಮೊದಲು ನಿದ್ದೆ ಬರುವುದಿಲ್ಲ ಎನ್ನುತ್ತಾರೆ, ಆಮೇಲೆ ಬೆನ್ನುನೋವು, ಆಮೇಲೆ ಮಕ್ಕಳ ಓದು. ಎದ್ದು ಹೊರಟು, ಬಾಗಿಲಿಗೆ ಕೈ ಹಾಕಿದ ಮೇಲೆ ಅರ್ಧ ಹಿಂದಕ್ಕೆ ತಿರುಗಿ ಕೇಳುತ್ತಾರೆ: ‘ಡಾಕ್ಟರೇ, ನನಗೆ ಆ ವಿಷಯದಲ್ಲಿ ಆಸಕ್ತಿಯೇ ಇಲ್ಲ. ಇದು ದೇಹದ ತೊಂದರೆಯೋ, ಮನಸ್ಸಿನದೋ?’ ಕೆಲವರದು ಇದಕ್ಕೆ ತಿರುವುಮುರುವು. ಆಸಕ್ತಿ ಅತಿಯಾಗಿದೆ ಎಂಬ ಭಯ. ಪ್ರಶ್ನೆ ಮಾತ್ರ ಅದೇ.

ಈ ಪ್ರಶ್ನೆಯ ಹೊಟ್ಟೆಯಲ್ಲಿ ಇನ್ನೊಂದು ಪ್ರಶ್ನೆ ಅಡಗಿರುತ್ತದೆ ಎಂಬುದು ನನಗೆ ತಡವಾಗಿ ಅರ್ಥವಾಯಿತು. ದೇಹದ್ದು ಎಂದರೆ ‘ನನ್ನ ತಪ್ಪಲ್ಲ’, ಮನಸ್ಸಿನದು ಎಂದರೆ ‘ನನ್ನದೇ ತಪ್ಪು’. ಅವರಿಗೆ ಬೇಕಾಗಿರುವುದು ಒಂದು ತೀರ್ಪು. ಆ ತೀರ್ಪನ್ನು ನಾನು ಕೊಡಲಾರೆ. ಕಾಮವನ್ನು ಇಷ್ಟು ದೇಹದ್ದು, ಇಷ್ಟು ಸಮಾಜದ್ದು ಎಂದು ಪಾಲು ಮಾಡಲು ಬರುವುದಿಲ್ಲ. ಇಂದು ನಾನು ಹೇಳಬೇಕೆಂದು ಬಂದಿರುವುದು ಇಷ್ಟೇ. ಆದರೆ ಅದನ್ನು ನಂಬಬೇಕಾದರೆ ಕೆಲವು ಸಂಗತಿಗಳನ್ನು ಹತ್ತಿರದಿಂದ ನೋಡಬೇಕು.

ಕನ್ನಡದಲ್ಲಿ ‘ಬಯಕೆ’ ಎಂಬ ಮಾತನ್ನು ಬಸುರಿಯ ಆಸೆಗೂ ಬಳಸುತ್ತೇವೆ. ಆ ಬಯಕೆ ಹುಟ್ಟುವುದು ಒಡಲು ಬದಲಾದುದರಿಂದ, ಅದರಲ್ಲಿ ಅನುಮಾನವಿಲ್ಲ. ಹಾಗಿದ್ದರೂ ಹುಟ್ಟಿದಾಗಿನಿಂದ ಕಂಡರಿಯದ, ಹೆಸರು ಕೇಳದ ಹಣ್ಣು ಬೇಕೆಂದು ಯಾವ ಬಸುರಿಯೂ ಕೇಳಿದ್ದಿಲ್ಲ. ಹಂಬಲ ಒಡಲಿನದು, ಹಣ್ಣಿನ ಹೆಸರು ನಾಲಿಗೆಯ ನೆನಪಿನದು. ಇದರಲ್ಲಿ ಯಾವುದರ ಪಾಲು ಎಷ್ಟು ಎಂದು ಯಾರು ತೂಗಿ ಹೇಳುತ್ತಾರೆ? ಎರಡೂ ಇಲ್ಲದೆ ಆ ಬಯಕೆಯೇ ಇಲ್ಲ.

ದೇಹದಿಂದಲೇ ಆರಂಭಿಸೋಣ. 1849ರಲ್ಲಿ ಜರ್ಮನಿಯ ಗಟಿಂಗನ್ ನಗರದಲ್ಲಿ ಆರ್ನಾಲ್ಡ್ ಬರ್ಟೋಲ್ಡ್ ಎಂಬ ವಿಜ್ಞಾನಿ ಆರು ಎಳೆಯ ಹುಂಜಗಳನ್ನು ಆರಿಸಿಕೊಂಡರು. ಕೆಲವು ಹುಂಜಗಳ ವೃಷಣಗಳನ್ನು ಪೂರ್ತಿ ತೆಗೆದರು. ಅವುಗಳ ಜುಟ್ಟು ಸೊರಗಿತು, ಕೂಗು ಅಡಗಿತು, ಹೇಂಟೆ ಪಕ್ಕದಲ್ಲಿ ಸುಳಿದರೂ ಕತ್ತೆತ್ತಿ ನೋಡಲಿಲ್ಲ. ಇನ್ನು ಕೆಲವಕ್ಕೆ ತೆಗೆದ ವೃಷಣವನ್ನು ಹೊಟ್ಟೆಯ ಒಳಗೆ ಕಸಿ ಮಾಡಿದರು. ಅವು ಎಂದಿನಂತೆ ಜುಟ್ಟು ಕೆಂಪೇರಿಸಿಕೊಂಡು ಕೂಗಿದವು, ಕಾದಾಡಿದವು, ಹೇಂಟೆಗಳ ಹಿಂದೆ ಓಡಿದವು. ಕಸಿಯಾದ ಅಂಗಕ್ಕೆ ನರಗಳ ಸಂಪರ್ಕವೇ ಇರಲಿಲ್ಲ, ರಕ್ತನಾಳಗಳು ಮಾತ್ರ ಬೆಳೆದಿದ್ದವು. ಅಂದರೆ ಯಾವುದೋ ವಸ್ತು ರಕ್ತದಲ್ಲಿ ಬೆರೆತು ಇಡೀ ಹಕ್ಕಿಯನ್ನು ಹುಂಜವಾಗಿ ಇಟ್ಟಿತ್ತು. ಹಾರ್ಮೋನು ಎಂಬ ಪದ ಹುಟ್ಟುವುದಕ್ಕೂ ಅರ್ಧ ಶತಮಾನ ಮೊದಲೇ ಹಾರ್ಮೋನಿನ ಕೆಲಸ ಕಣ್ಣಿಗೆ ಬಿದ್ದಿತ್ತು. ಆ ವಸ್ತು ಟೆಸ್ಟೋಸ್ಟೆರಾನ್. ಅದನ್ನು ಬೇರ್ಪಡಿಸಿ ಹೆಸರಿಟ್ಟದ್ದು 1935ರಲ್ಲಿ.

ಇದಾದ ನಲವತ್ತು ವರ್ಷಕ್ಕೆ, 1889ರಲ್ಲಿ, ಪ್ಯಾರಿಸ್‌ನಲ್ಲಿ ಬ್ರೌನ್ ಸೆಕಾರ್ ಎಂಬ ಹೆಸರಾಂತ ಶರೀರವಿಜ್ಞಾನಿ ತನ್ನ 72ನೆಯ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಯಿಲಿಗಳ ವೃಷಣಗಳಿಂದ ತೆಗೆದ ರಸವನ್ನು ತನಗೇ ಚುಚ್ಚಿಕೊಂಡರು. ತೋಳಿಗೆ ಬಲ ಬಂತು, ದಣಿವು ಹೋಯಿತು, ಯೌವನ ಮರಳಿತು ಎಂದು ಸಹೋದ್ಯೋಗಿಗಳ ಮುಂದೆ ವರದಿ ಓದಿದರು. ಆ ರಸಕ್ಕೆ ಊರೂರುಗಳಲ್ಲಿ ಬೇಡಿಕೆ ಹುಟ್ಟಿತು. ಈಗ ನಮಗೆ ಗೊತ್ತಿದೆ: ವೃಷಣ ಟೆಸ್ಟೋಸ್ಟೆರಾನನ್ನು ತಯಾರಿಸಿದ ಹಾಗೆಯೇ ರಕ್ತಕ್ಕೆ ಬಿಡುತ್ತದೆ, ಕೂಡಿಡುವುದಿಲ್ಲ, ನೀರಿನಲ್ಲಿ ಅದು ಕರಗುವುದೂ ಅತ್ಯಲ್ಪ. ಅವರು ಚುಚ್ಚಿಕೊಂಡ ರಸದಲ್ಲಿ ಪರಿಣಾಮ ಬೀರುವಷ್ಟು ಹಾರ್ಮೋನು ಇರಲು ಸಾಧ್ಯವೇ ಇರಲಿಲ್ಲ. ಆ ವೃದ್ಧ ವಿಜ್ಞಾನಿ ಸುಳ್ಳು ಹೇಳಿದರು ಎಂದು ನನಗೆ ಅನ್ನಿಸುವುದಿಲ್ಲ. ಅವರಿಗೆ ಬಲ ಬಂದದ್ದು ನಿಜ, ತಂದುಕೊಟ್ಟದ್ದು ನಂಬಿಕೆ. ಹುಂಜಕ್ಕೆ ಈ ಸೌಲಭ್ಯವಿಲ್ಲ. ವೃಷಣ ಪುರುಷತ್ವದ ಗಣಿ ಎಂಬ ಕಥೆಯನ್ನು ಅದು ಕೇಳಿರುವುದಿಲ್ಲ.

ಈ ಎರಡು ಘಟನೆಗಳನ್ನು ನಾನು ಯಾವಾಗಲೂ ಒಟ್ಟಿಗೆ ಹೇಳುತ್ತೇನೆ. ಒಂದನ್ನು ಮಾತ್ರ ಕೇಳಿದವರು ದಾರಿ ತಪ್ಪುತ್ತಾರೆ.

ಮನುಷ್ಯನಲ್ಲಿ ಟೆಸ್ಟೋಸ್ಟೆರಾನ್ ಹೇಗೆ ಕೆಲಸ ಮಾಡುತ್ತದೆ? ಲೋಟದ ನೀರಿನ ಹಾಗೆ. ತಳ ಕಾಣುವಷ್ಟು ಇಳಿದರೆ ಗಂಡಸಿನ ಆಸಕ್ತಿ ಕುಗ್ಗುತ್ತದೆ. ಅಂಥವರಿಗೆ ಹಾರ್ಮೋನು ಕೊಟ್ಟರೆ ಅದು ಮರಳುತ್ತದೆ. ಆದರೆ ಲೋಟ ತುಂಬಿದ ಮೇಲೆ ಇನ್ನೂ ಸುರಿದರೆ ಹೆಚ್ಚೇನೂ ಆಗುವುದಿಲ್ಲ. ಮಟ್ಟ ಸಹಜವಾಗಿರುವ ಇಬ್ಬರು ಗಂಡಸರ ರಕ್ತ ಪರೀಕ್ಷೆಯ ಕಾಗದಗಳನ್ನು ನನ್ನ ಮುಂದೆ ಇಟ್ಟು ‘ಯಾರಿಗೆ ಆಸೆ ಹೆಚ್ಚು?’ ಎಂದರೆ ನಾನು ಹೇಳಲಾರೆ. ಇದು ಗೊತ್ತಿಲ್ಲದೆ ಎಷ್ಟೋ ತರುಣರು ಬೇಡದ ಇಂಜೆಕ್ಷನ್ನುಗಳ ಹಿಂದೆ ಬಿದ್ದಿದ್ದಾರೆ. ಹೊರಗಿನಿಂದ ಸುರಿದಾಗ ದೇಹ ತನ್ನ ತಯಾರಿಕೆಯನ್ನೇ ನಿಲ್ಲಿಸುತ್ತದೆ, ವೀರ್ಯಾಣುಗಳ ಸಂಖ್ಯೆ ಕುಸಿಯುತ್ತದೆ. ಇದನ್ನು ದಯವಿಟ್ಟು ನೆನಪಿಡಿ.

ಹೆಣ್ಣಿನ ವಿಷಯದಲ್ಲಿ ಎಳೆ ಇನ್ನಷ್ಟು ಸಡಿಲ. ಹೆಣ್ಣು ಇಲಿಯ ಅಂಡಾಶಯ ತೆಗೆದರೆ ಅದು ಕೂಡುವುದೇ ಇಲ್ಲ; ಹಾರ್ಮೋನುಗಳನ್ನು ಸರಿಯಾದ ಕ್ರಮದಲ್ಲಿ ಕೊಟ್ಟರೆ ಮಾತ್ರ ಬೆನ್ನು ಬಾಗಿಸುತ್ತದೆ. ಹೆಂಗಸಿನ ಋತುಚಕ್ರದಲ್ಲಿಯೂ ಅಂಡ ಬಿಡುಗಡೆಯಾಗುವ ದಿನಗಳ ಆಸುಪಾಸಿನಲ್ಲಿ ಆಸೆ ಕೊಂಚ ಏರುತ್ತದೆ, ಆನಂತರ ಇಳಿಯುತ್ತದೆ. ಆದರೆ ಅದು ಕೊಂಚ ಮಾತ್ರ. ದಣಿವು, ಜಗಳ, ಖುಷಿ, ಬಾಗಿಲಿಗೆ ಚಿಲಕ ಇದೆಯೋ ಇಲ್ಲವೋ ಎಂಬುದು, ಇವೆಲ್ಲ ಆ ಏರಿಳಿತವನ್ನು ಸುಲಭವಾಗಿ ಮುಳುಗಿಸಿಬಿಡುತ್ತವೆ.

ಈ ವ್ಯತ್ಯಾಸವನ್ನು ‘ಕಾಮಸೂತ್ರ’ ಬರೆದ ವಾತ್ಸ್ಯಾಯನ ಎಷ್ಟೋ ಶತಮಾನಗಳ ಹಿಂದೆ ಗುರುತಿಸಿದ್ದ. ಪಶುಗಳು ಋತುಕಾಲದಲ್ಲಿ, ವಿಚಾರವಿಲ್ಲದೆ ಕೂಡುತ್ತವೆ, ಅವುಗಳಿಗೆ ಶಾಸ್ತ್ರ ಬೇಕಿಲ್ಲ. ಮನುಷ್ಯರಿಗೆ ಉಪಾಯ ಬೇಕು, ಅದಕ್ಕೇ ಶಾಸ್ತ್ರ ಎನ್ನುತ್ತಾನೆ. ಪ್ರೀತಿ ಹುಟ್ಟುವ ನಾಲ್ಕು ದಾರಿಗಳನ್ನು ಅವನು ಹೇಳುತ್ತಾನೆ: ಅಭ್ಯಾಸ, ಕಲ್ಪನೆ, ಒಬ್ಬರಲ್ಲಿ ಇನ್ನೊಬ್ಬರನ್ನು ಕಾಣುವುದು, ಇಂದ್ರಿಯ ವಿಷಯಗಳು. ಹೆಸರು ಕೇಳಿದೊಡನೆ ಭಂಗಿಗಳ ಚಿತ್ರವನ್ನು ನೆನೆಯುವವರಿಗೆ ಈ ಸಾಲು ಕಾಣುವುದೇ ಇಲ್ಲ. ನಾಲ್ಕರಲ್ಲಿ ಮೂರು ಮನಸ್ಸು ಕಲಿತ ದಾರಿಗಳು!

ಕಲಿಕೆ ಎಂದೆ. ಕಲಿಕೆ ಎಂದರೆ ಸಂಸ್ಕೃತಿ, ಅದು ಜೀವವಿಜ್ಞಾನದ ಹೊರಗಿನದು ಎಂಬ ಭಾವನೆ ನಮ್ಮಲ್ಲಿದೆ. ಅದನ್ನು ಅಲುಗಿಸುವ ಒಂದು ಪ್ರಯೋಗ ಕೆನಡಾದ ಮಾಂಟ್ರಿಯಲ್‌ನಲ್ಲಿ ಜಿಮ್ ಫಾಸ್ ಎಂಬ ಸಂಶೋಧಕರ ಪ್ರಯೋಗಾಲಯದಲ್ಲಿ ನಡೆಯಿತು. ಗಂಡು ಇಲಿಗಳಿಗೆ ಮೊದಲ ಕೂಟಗಳ ಹೊತ್ತಿನಲ್ಲಿ ಪುಟ್ಟ ಅಂಗಿಯೊಂದನ್ನು ತೊಡಿಸಿದರು. ಬಳಿಕ ಅಂಗಿ ಬಿಚ್ಚಿ ಹೆಣ್ಣಿನ ಬಳಿ ಬಿಟ್ಟಾಗ ಆ ಇಲಿಗಳು ತಡವರಿಸಿದವು. ಹಾರ್ಮೋನು ಹಾಗೆಯೇ ಇತ್ತು, ಹೆಣ್ಣೂ ಎದುರಿಗಿತ್ತು. ಬೆನ್ನಿನ ಮೇಲೆ ಇರಬೇಕಾಗಿದ್ದ ಬಟ್ಟೆಯ ಸ್ಪರ್ಶ ಮಾತ್ರ ಇರಲಿಲ್ಲ. ಇಲಿಯ ಮಿದುಳೇ ಹೀಗೆ ಮೊದಲ ಅನುಭವವನ್ನು ತನ್ನ ಬಯಕೆಯೊಳಗೆ ಹೊಲಿದುಕೊಳ್ಳುವುದಾದರೆ, ಭಾಷೆ, ನೆನಪು, ನಾಚಿಕೆ, ಕಥೆಗಳನ್ನು ಹೊತ್ತ ಮನುಷ್ಯನ ಮಿದುಳು ಇನ್ನೆಷ್ಟನ್ನು ಹೊಲಿದುಕೊಳ್ಳಬೇಡ? ಜನ್ನನ ‘ಯಶೋಧರ ಚರಿತೆ’ಯ ರಾಣಿ ಅಮೃತಮತಿ ಮಾವುತನ ಮುಖ ನೋಡಿ ಸೋತವಳಲ್ಲ, ನಸುಕಿನಲ್ಲಿ ಕೇಳಿಬಂದ ಅವನ ದನಿಗೆ ಸೋತವಳು.

ಆ ಮಿದುಳಿನಲ್ಲಿ ‘ಬೇಕು’ ಎನ್ನುವುದನ್ನು ಏರಿಸುವ ರಾಸಾಯನಿಕಗಳಲ್ಲಿ ಡೋಪಮಿನ್ ಮುಖ್ಯವಾದುದು. ಪಾರ್ಕಿನ್ಸನ್ ಕಾಯಿಲೆಗೆ ಕೊಡುವ, ಡೋಪಮಿನ್‌ನಂತೆ ವರ್ತಿಸುವ ಕೆಲವು ಔಷಧಿಗಳು ಸ್ವಲ್ಪ ರೋಗಿಗಳಲ್ಲಿ ತಡೆಯಲಾಗದ ಕಾಮಾಸಕ್ತಿಯನ್ನು ಹುಟ್ಟಿಸುತ್ತವೆ. ಜೀವಮಾನವಿಡೀ ಸಂಯಮದಿಂದ ಬಾಳಿದ ಹಿರಿಯರು ಇದ್ದಕ್ಕಿದ್ದಂತೆ ಬದಲಾದಾಗ ಮನೆಯವರು ಯಾರಿಗೂ ಹೇಳಲಾರದೆ ಕುದಿಯುತ್ತಾರೆ. ವೈದ್ಯರು ಔಷಧಿ ತಗ್ಗಿಸಿದರೆ ಅಥವಾ ಬದಲಿಸಿದರೆ ಬಹಳಷ್ಟು ಮಂದಿ ಮೊದಲಿನಂತಾಗುತ್ತಾರೆ. ಖಿನ್ನತೆಗೆ ಕೊಡುವ ಎಷ್ಟೋ ಮಾತ್ರೆಗಳದು ಇದಕ್ಕೆ ಎದುರು ಪರಿಣಾಮ, ಆಸೆಯನ್ನು ಕುಗ್ಗಿಸುತ್ತವೆ. ರೋಗಿಗಳು ನಾಚಿಕೆಯಿಂದ ಹೇಳುವುದಿಲ್ಲ, ವೈದ್ಯರು ಅವಸರದಲ್ಲಿ ಕೇಳುವುದಿಲ್ಲ. ನೀವೇ ಕೇಳಿ. ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಇನ್ನು ಸಂಸ್ಕೃತಿ. ತುಟಿಗೆ ತುಟಿ ಇಡುವ ಮುತ್ತು ಮನುಷ್ಯರಿಗೆ ಹುಟ್ಟಿನಿಂದ ಬಂದದ್ದು ಎಂದು ಬಹಳ ಮಂದಿ ಭಾವಿಸಿದ್ದಾರೆ. 2015ರಲ್ಲಿ ಮಾನವಶಾಸ್ತ್ರಜ್ಞರು 168 ಸಮಾಜಗಳ ದಾಖಲೆಗಳನ್ನು ನೋಡಿದಾಗ ಪ್ರಣಯದ ಮುತ್ತು ಕಂಡದ್ದು 77ರಲ್ಲಿ ಮಾತ್ರ, ಅಂದರೆ ಅರ್ಧಕ್ಕಿಂತ ಕಡಿಮೆ. ಕೆಲವು ಕಡೆ ಅದನ್ನು ಅಸಹ್ಯವೆಂದೇ ಎಣಿಸುತ್ತಿದ್ದರು. ತುಟಿಯ ನರಗಳು ಎಲ್ಲರಿಗೂ ಒಂದೇ.

ನನ್ನನ್ನು ಬಹುಕಾಲ ಕಾಡಿದ ಉದಾಹರಣೆ ಬೇರೆ, ಅದು ತೈವಾನಿನದು. ಅಲ್ಲಿ ಹಿಂದೆ ಬಡ ಕುಟುಂಬಗಳು ಎಳೆ ಹೆಣ್ಣುಕೂಸನ್ನು ಮುಂದೆ ಸೊಸೆಯಾಗಲೆಂದು ಇನ್ನೊಂದು ಮನೆಗೆ ಕೊಟ್ಟುಬಿಡುತ್ತಿದ್ದವು. ಆ ಕೂಸು ತನ್ನ ಭಾವೀ ಗಂಡನ ಜೊತೆಯಲ್ಲೇ ಉಂಡು, ಮಲಗಿ, ಆಡಿ ಬೆಳೆಯುತ್ತಿತ್ತು. ಹರೆಯಕ್ಕೆ ಬಂದಾಗ ಹಿರಿಯರು ಇಬ್ಬರನ್ನೂ ಗಂಡಹೆಂಡತಿ ಎಂದು ಸಾರುತ್ತಿದ್ದರು. ರಕ್ತಸಂಬಂಧವಿಲ್ಲ, ಸಮಾಜದ ಒಪ್ಪಿಗೆ ಇದೆ, ಹಿರಿಯರ ಒತ್ತಾಯವೂ ಇದೆ. ಆದರೂ ಆ ಜೋಡಿಗಳು ಒಬ್ಬರನ್ನೊಬ್ಬರು ಬಯಸಲು ಒಲ್ಲೆ ಎನ್ನುತ್ತಿದ್ದವು. ಆರ್ಥರ್ ವುಲ್ಫ್ ಎಂಬ ಮಾನವಶಾಸ್ತ್ರಜ್ಞರಿಗೆ ಒಬ್ಬ ಮುದುಕ, ಹೊಸ ಜೋಡಿ ಓಡಿಹೋಗದಂತೆ ಕೋಣೆಯ ಬಾಗಿಲಲ್ಲಿ ಕೋಲು ಹಿಡಿದು ನಿಲ್ಲಬೇಕಾಯಿತೆಂದು ಹೇಳಿದನಂತೆ. ವುಲ್ಫ್ ದಶಕಗಳ ಕಾಲ ಕುಳಿತು 14 ಸಾವಿರಕ್ಕೂ ಹೆಚ್ಚು ಹೆಂಗಸರ ಮದುವೆಯ ದಾಖಲೆಗಳನ್ನು ಹೋಲಿಸಿದರು. ಹೀಗೆ ಕೂಡಿ ಬೆಳೆದವರಿಗೆ ಮಕ್ಕಳು ಕಡಿಮೆ, ವಿಚ್ಛೇದನ ಹೆಚ್ಚು. ಮೂರು ವರ್ಷ ತುಂಬುವ ಮೊದಲೇ ಬಂದ ಹುಡುಗಿಯರಲ್ಲಿ ಈ ತಡೆ ಅತಿ ಬಲವಾಗಿತ್ತು.

ಫಿನ್ಲೆಂಡಿನ ಎಡ್ವರ್ಡ್ ವೆಸ್ಟರ್‌ಮಾರ್ಕ್ 1891ರಲ್ಲೇ ಇದನ್ನು ಊಹಿಸಿದ್ದರು: ಎಳವೆಯಲ್ಲಿ ಒಟ್ಟಿಗೆ ಬೆಳೆದವರ ನಡುವೆ ಕಾಮ ಮೂಡುವುದಿಲ್ಲ. ಒಡಹುಟ್ಟಿದವರ ಸಂಬಂಧದಿಂದ ಹುಟ್ಟುವ ಮಕ್ಕಳಿಗೆ ಅಪಾಯವಿದೆ, ಆದ್ದರಿಂದ ಈ ತಡೆ ವಿಕಾಸದ ಕೊಡುಗೆ. ಸರಿ, ಇದು ಜೀವವಿಜ್ಞಾನ ಎಂದಿರಾ? ಆದರೆ ಯಾರು ಯಾರ ಪಕ್ಕದಲ್ಲಿ ಮಲಗಿ ಬೆಳೆಯಬೇಕೆಂದು ತೀರ್ಮಾನಿಸಿದ್ದು ಬಡತನ, ಪದ್ಧತಿ, ಹಿರಿಯರ ಲೆಕ್ಕಾಚಾರ. ದೇಹಕ್ಕೆ ರಕ್ತವನ್ನು ಓದಲು ಬರುವುದಿಲ್ಲ. ಅದು ಜೊತೆಗೆ ಬೆಳೆದ ಮುಖವನ್ನು ಓದುತ್ತದೆ. ಸಂಸ್ಕೃತಿ ಬರೆದದ್ದನ್ನು ದೇಹ ಓದಿಕೊಂಡಿತು, ಓದಿಕೊಂಡು ಸಂಸ್ಕೃತಿಗೇ ಎದುರು ನಿಂತಿತು. ಇಲ್ಲಿ ಗೆರೆ ಎಳೆದು ಎರಡು ಭಾಗ ಮಾಡಿ ತೋರಿಸಿ ನೋಡೋಣ.

ಹೆಣ್ಣಿನ ಬಯಕೆಯ ಬಗ್ಗೆ ಗಂಡಸರು ಬರೆದದ್ದನ್ನು ಕಾಲದಿಂದ ಕಾಲಕ್ಕೆ ಓದುತ್ತಾ ಹೋದರೆ ದುಃಖವಾಗುತ್ತದೆ. ಮಹಾಭಾರತದ ಅನುಶಾಸನ ಪರ್ವದಲ್ಲಿ ಭಂಗಾಸ್ವನನೆಂಬ ರಾಜ ಇಂದ್ರನ ಕೋಪದಿಂದ ಹೆಣ್ಣಾಗುತ್ತಾನೆ. ಕೊನೆಗೆ ಇಂದ್ರ ಒಲಿದು ‘ಮತ್ತೆ ಗಂಡಾಗುವೆಯಾ?’ ಎಂದರೆ ಬೇಡವೆನ್ನುತ್ತಾನೆ. ಕೂಟದ ಸುಖ ಹೆಣ್ಣಿಗೇ ಹೆಚ್ಚು ಎನ್ನುತ್ತಾನೆ. ಗ್ರೀಕರ ಟೈರೀಸಿಯಸ್ ಕೂಡ ಎರಡೂ ಬಾಳನ್ನು ಬಾಳಿ ಹತ್ತರಲ್ಲಿ ಒಂಬತ್ತು ಪಾಲು ಸುಖ ಹೆಣ್ಣಿನದೆಂದ. ಹತ್ತೊಂಬತ್ತನೆಯ ಶತಮಾನಕ್ಕೆ ಬಂದರೆ ಇಂಗ್ಲೆಂಡಿನ ವೈದ್ಯ ವಿಲಿಯಂ ಆಕ್ಟನ್, ಬಹುಪಾಲು ಹೆಂಗಸರಿಗೆ ಕಾಮದ ಭಾವನೆ ಹೆಚ್ಚೇನೂ ಕಾಡುವುದಿಲ್ಲ ಎಂದು ವೈದ್ಯಕೀಯ ಸತ್ಯದಂತೆ ಬರೆದ. ಹೆಣ್ಣಿನ ದೇಹ ಈ ನಡುವೆ ಬದಲಾಗಿರಲಿಲ್ಲ. ಒಮ್ಮೆ ಅವಳ ಆಸೆ ಮಿತಿಯಿಲ್ಲದ್ದು, ಕಾವಲಿಡಿ ಎಂದರು. ಇನ್ನೊಮ್ಮೆ ಅವಳಿಗೆ ಆಸೆಯೇ ಇಲ್ಲ, ಇದ್ದರೆ ರೋಗ ಎಂದರು. ಈ ಮಾತುಗಳು ಪುಸ್ತಕದಲ್ಲಿ ಉಳಿಯಲಿಲ್ಲ. ಹಾಸಿಗೆಯವರೆಗೂ ಬಂದವು, ಇಂದಿಗೂ ಬರುತ್ತಿವೆ.

ಒಬ್ಬ ತಾಯಿಯ ವಿಷಯ ಹೇಳುತ್ತೇನೆ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಏಳು ತಿಂಗಳ ಮಗು ತೊಡೆಯ ಮೇಲಿತ್ತು. ಗಂಡ ಪಕ್ಕದ ಕುರ್ಚಿಯಲ್ಲಿ, ನೆಲ ನೋಡುತ್ತಾ ಕುಳಿತಿದ್ದರು. ಆಕೆ ಹೇಳಿದರು: ‘ಬೆಳಗಿನಿಂದ ಮಗು ನನ್ನ ಮೈಮೇಲೆಯೇ ಇರುತ್ತದೆ. ರಾತ್ರಿ ಇವರ ಕೈ ಭುಜದ ಮೇಲೆ ಬಿದ್ದರೆ, ಇನ್ನೊಂದು ಕೆಲಸ ಬಂತು ಅನ್ನಿಸುತ್ತದೆ. ಹೀಗೆ ಅನ್ನಿಸುವುದೇ ಪಾಪ ಅಲ್ಲವಾ ಡಾಕ್ಟರೇ?’ ಗಂಡ ತಲೆಯೆತ್ತದೆ, ‘ನಾನು ಬೇಡವಾಗಿದ್ದೇನೆ ಅಂದುಕೊಂಡಿದ್ದೆ’ ಎಂದರು.

ಹಾಲೂಡಿಸುವ ದೇಹದಲ್ಲಿ ಹಾಲು ತರಿಸುವ ಹಾರ್ಮೋನು ಪ್ರೊಲ್ಯಾಕ್ಟಿನ್ ಏರಿರುತ್ತದೆ, ಅಂಡಾಶಯದ ಹಾರ್ಮೋನು ಈಸ್ಟ್ರೋಜನ್ ಇಳಿದಿರುತ್ತದೆ. ಆಸೆ ಕುಗ್ಗುತ್ತದೆ, ಒಣಗಿದ ಯೋನಿಯಿಂದ ಕೂಟ ನೋವಾಗುತ್ತದೆ. ಅದರ ಮೇಲೆ ತುಂಡು ತುಂಡು ನಿದ್ದೆ. ಅದರ ಮೇಲೆ, ತಾಯಿಯಾದವಳಿಗೆ ಇದೆಲ್ಲ ಸಲ್ಲದು ಎಂಬ ಒಳದನಿ. ಅದೇ ಉಸಿರಿನಲ್ಲಿ, ಗಂಡನಿಗೆ ಇಲ್ಲ ಎನ್ನಬಾರದು ಎಂಬ ಇನ್ನೊಂದು ದನಿ. ಯಾವುದು ಕಾರಣ? ಎಲ್ಲವೂ, ಒಂದರ ಹೆಗಲ ಮೇಲೆ ಒಂದು.

ಜಾನ್ ಬ್ಯಾಂಕ್ರಾಫ್ಟ್ ಮತ್ತು ಎರಿಕ್ ಯಾನ್ಸನ್ ಎಂಬ ಸಂಶೋಧಕರು ಕಾಮಕ್ಕೆ ಆಕ್ಸಿಲರೇಟರ್ ಒಂದೇ ಅಲ್ಲ, ಬ್ರೇಕ್ ಕೂಡ ಇದೆ ಎಂದು ತೋರಿಸಿದರು. ಎರಡರ ಸೂಕ್ಷ್ಮತೆ ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಆಕೆಯ ಆಕ್ಸಿಲರೇಟರ್ ಕೆಟ್ಟಿರಲಿಲ್ಲ. ನಾಲ್ಕೈದು ಕಾಲುಗಳು ಒಟ್ಟಿಗೆ ಬ್ರೇಕ್ ಒತ್ತಿ ನಿಂತಿದ್ದವು. ರೋಸ್ಮರಿ ಬ್ಯಾಸನ್ ಎಂಬ ವೈದ್ಯೆ 2000ದಲ್ಲಿ ಇನ್ನೊಂದು ಮುಖ್ಯ ಮಾತು ಹೇಳಿದರು: ಎಲ್ಲರಿಗೂ ಆಸೆ ಮೊದಲು, ಸ್ಪರ್ಶ ಆಮೇಲೆ ಎಂಬ ಕ್ರಮವಿಲ್ಲ. ಬಹಳ ಹೆಂಗಸರಿಗೆ, ಅದರಲ್ಲೂ ದೀರ್ಘಕಾಲದ ದಾಂಪತ್ಯದಲ್ಲಿ, ನೆಮ್ಮದಿಯ ಸಾಮೀಪ್ಯ ಮೊದಲು ಬರುತ್ತದೆ, ಆಸೆ ಅದರ ಹಿಂದೆ ಮೂಡುತ್ತದೆ. ಹಸಿವಿನ ಹಾಗೆ ತಾನಾಗಿ ಬರಲಿಲ್ಲವೆಂದರೆ ರೋಗವೆಂದು ಅರ್ಥವಲ್ಲ. ನಾನು ಆ ತಾಯಿಗೆ ಮಾತ್ರೆ ಬರೆಯಲಿಲ್ಲ. ರಾತ್ರಿ ಮಗು ಎದ್ದಾಗ ಯಾರು ಏಳುತ್ತೀರಿ ಎಂದು ಗಂಡನನ್ನು ಕೇಳಿದೆ. ಅವರು ಉತ್ತರಿಸಲು ಬಹಳ ಹೊತ್ತು ತೆಗೆದುಕೊಂಡರು.

ಮಾತ್ರೆಗಳ ವಿಷಯ ಬಂದುದರಿಂದ ಹೇಳುತ್ತೇನೆ. 1998ರಲ್ಲಿ ಬಂದ ವಯಾಗ್ರ ರಕ್ತದ ಹರಿವನ್ನು ಸರಿಪಡಿಸುತ್ತದೆ, ಆಸೆಯನ್ನು ಹುಟ್ಟಿಸುವುದಿಲ್ಲ. ಹೆಂಗಸರ ಆಸೆಗೆಂದು ಅಮೆರಿಕದಲ್ಲಿ 2015ರಲ್ಲಿ ಒಪ್ಪಿಗೆ ಪಡೆದ ಫ್ಲಿಬಾನ್ಸರಿನ್ ಎಂಬ ಮಾತ್ರೆ, ಔಷಧಿಯೇ ಇಲ್ಲದ ಹುಸಿಮಾತ್ರೆ ನುಂಗಿದವರಿಗೆ ಹೋಲಿಸಿದರೆ ತಿಂಗಳಿಗೆ ಹೆಚ್ಚೆಂದರೆ ಒಂದು ತೃಪ್ತಿಕರ ಕೂಟವನ್ನು ಸೇರಿಸಿತು. ಹುಸಿಮಾತ್ರೆ ನುಂಗಿದವರಲ್ಲಿಯೂ ಸುಧಾರಣೆ ಕಂಡಿತ್ತು. ಬ್ರೌನ್ ಸೆಕಾರ್ ಅವರ ರಸ ನೆನಪಾಗುತ್ತದೆ.

ಯಾರ ಮೇಲೆ ಆಸೆ ಮೂಡುತ್ತದೆ ಎಂಬ ಪ್ರಶ್ನೆಯನ್ನು ಇಂದು ಉದ್ದಕ್ಕೆ ಎಳೆಯುವುದಿಲ್ಲ. 2019ರಲ್ಲಿ ಸುಮಾರು 4.7 ಲಕ್ಷ ಜನರ ವಂಶವಾಹಿಗಳನ್ನು ಪರಿಶೀಲಿಸಿದ ಅಧ್ಯಯನಕ್ಕೆ ಸಲಿಂಗ ಸಂಬಂಧವನ್ನು ತೀರ್ಮಾನಿಸುವ ಒಂದೇ ಒಂದು ಜೀನ್ ಸಿಗಲಿಲ್ಲ. ಚಿಕ್ಕ ಚಿಕ್ಕ ಪ್ರಭಾವದ ಅನೇಕ ಜೀನ್‌ಗಳು ಸಿಕ್ಕವು. ಒಂದು ಜೀನ್ ಇಲ್ಲವೆಂದರೆ ಅದು ಆಯ್ಕೆ ಎಂದಾಗುವುದಿಲ್ಲ. ಒತ್ತಾಯದಿಂದ ಯಾರ ಒಲವನ್ನೂ ಬದಲಿಸಲಾಗಿಲ್ಲ. ಬದಲಿಸಲು ಹೊರಟವರು ಗಾಯವನ್ನಷ್ಟೇ ಮಾಡಿದ್ದಾರೆ. ಯಾರ ಮೇಲೂ ಆಕರ್ಷಣೆ ಇಲ್ಲದವರೂ ಇದ್ದಾರೆ, ಬ್ರಿಟನ್ನಿನ ಒಂದು ದೊಡ್ಡ ಸಮೀಕ್ಷೆಯಲ್ಲಿ ಸುಮಾರು 1 ಶೇಕಡಾ. ಅವರಿಗೆ ಸಂಕಟವಿಲ್ಲದಿದ್ದರೆ ಚಿಕಿತ್ಸೆಯೂ ಬೇಕಿಲ್ಲ.

ಒಂದು ಮಾತನ್ನು ಮಾತ್ರ ಗಟ್ಟಿಯಾಗಿ ಹೇಳಿಯೇ ಹೋಗುತ್ತೇನೆ. ‘ಗಂಡಸಿನ ಹಾರ್ಮೋನು ಹಾಗೆ, ಏನು ಮಾಡಲಾಗುತ್ತದೆ’ ಎಂಬ ಸಮರ್ಥನೆಯನ್ನು ನಾನು ಸಾಕಷ್ಟು ಕೇಳಿದ್ದೇನೆ. ಹಾರ್ಮೋನು ಆಸೆಯನ್ನು ಏರಿಸಬಹುದು. ಇನ್ನೊಬ್ಬರ ‘ಬೇಡ’ವನ್ನು ಅಳಿಸುವ ಹಾರ್ಮೋನು ಯಾವುದೂ ಇಲ್ಲ. ಹಾಗೆಯೇ, ‘ಅವಳ ದೇಹ ಒಪ್ಪಿತ್ತು’ ಎಂಬ ಮಾತು. ದೇಹದ ಪ್ರತಿಕ್ರಿಯೆಗೂ ಮನಸ್ಸಿನ ಅನುಭವಕ್ಕೂ ಎಷ್ಟು ಹೊಂದಿಕೆ ಇದೆ ಎಂದು ಮೆರೆಡಿತ್ ಚಿವರ್ಸ್ ಮತ್ತು ಸಂಗಡಿಗರು 2010ರಲ್ಲಿ ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದರು. ಪೂರ್ಣ ಹೊಂದಿಕೆಯನ್ನು 1 ಎಂದಿಟ್ಟುಕೊಂಡರೆ ಗಂಡಸರಲ್ಲಿ ಅದು 0.66, ಹೆಂಗಸರಲ್ಲಿ ಬರೀ 0.26. ದೇಹ ಒದ್ದೆಯಾಗುವುದು ಆಸೆಯ ಸಾಕ್ಷಿಯಲ್ಲ, ಒಪ್ಪಿಗೆಯಂತೂ ಅಲ್ಲವೇ ಅಲ್ಲ. ದೌರ್ಜನ್ಯಕ್ಕೆ ಒಳಗಾದ ಎಷ್ಟೋ ಹೆಣ್ಣುಮಕ್ಕಳು, ಗಂಡುಮಕ್ಕಳೂ, ‘ನನ್ನ ದೇಹವೇ ನನಗೆ ದ್ರೋಹ ಮಾಡಿತು’ ಎಂದು ವರ್ಷಗಟ್ಟಲೆ ಸುಡುತ್ತಿರುತ್ತಾರೆ. ಈ ಒಂದು ಸಂಗತಿ ಗೊತ್ತಾದಾಗ ಅವರ ಮುಖದ ಮೇಲೆ ಆಗುವ ಬದಲಾವಣೆಯನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸಭೆಯಿಂದ ಬಂದ ಚೀಟಿಗಳಲ್ಲಿ ಒಂದನ್ನು ಓದುತ್ತೇನೆ. ಹೆಸರಿಲ್ಲ. ‘ನನಗೆ ಅರವತ್ತೇಳು. ಮುಟ್ಟು ನಿಂತು ಹದಿನೈದು ವರ್ಷವಾಯಿತು. ಇನ್ನೂ ಆಸೆ ಆಗುತ್ತದೆ, ಆದರೆ ನೋವಾಗುತ್ತದೆ. ಈ ವಯಸ್ಸಿನಲ್ಲಿ ಇದು ಕಾಯಿಲೆಯೇ?’

ಅಲ್ಲ ತಾಯಿ. ಅಮೆರಿಕದಲ್ಲಿ 57ರಿಂದ 85 ವಯಸ್ಸಿನ ಮೂರು ಸಾವಿರ ಮಂದಿಯನ್ನು ಕೇಳಿ 2007ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, 65ರಿಂದ 74ರ ನಡುವಿನವರಲ್ಲಿ ಅರ್ಧಕ್ಕೂ ಹೆಚ್ಚು ಮಂದಿ ಲೈಂಗಿಕವಾಗಿ ಸಕ್ರಿಯರಾಗಿದ್ದರು. ಮುಟ್ಟು ನಿಂತಾಗ ಇಳಿಯುವುದು ಈಸ್ಟ್ರೋಜನ್. ಆಸೆಯನ್ನು ಕಲಿತ ಮಿದುಳು ಹಾಗೆಯೇ ಇರುತ್ತದೆ. ನಿಮ್ಮ ನೋವಿಗೆ ಬಹುಶಃ ಯೋನಿಯ ಪದರ ತೆಳುವಾಗಿ ಒಣಗಿರುವುದು ಕಾರಣ. ಅದಕ್ಕೆ ಜಾರುಕ ಜೆಲ್ ಇದೆ, ಅಲ್ಲಿಗಷ್ಟೇ ಹಚ್ಚುವ ಈಸ್ಟ್ರೋಜನ್ ಮುಲಾಮು ಇದೆ. ಸ್ತನದ ಕ್ಯಾನ್ಸರ್ ಆಗಿದ್ದರೆ ಮುಲಾಮಿಗೆ ಮೊದಲು ಅದನ್ನು ವೈದ್ಯರಿಗೆ ತಿಳಿಸಿ. ಸ್ತ್ರೀರೋಗ ತಜ್ಞರ ಬಳಿ ಹೋದಾಗ ಬೆನ್ನುನೋವಿನಿಂದ ಶುರು ಮಾಡಬೇಡಿ. ಈ ಚೀಟಿಯಲ್ಲಿ ಬರೆದಷ್ಟೇ ನೇರವಾಗಿ ಹೇಳಿ.